ಕೊಟ್ಟವರ ಲೆಕ್ಕ, ಪಡೆದವರ ಮಾತು

2019ನೆಯ ಇಸವಿಯ ಆಶ್ಲೇಷ ಮಳೆಯಲ್ಲಿ ಕಾವೇರಿ ಹೇಮಾವತಿಗಳೆರಡೂ ಒಮ್ಮೆಗೇ ಉಕ್ಕಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಬೀದಿಗಳಲ್ಲಿ ನೀರು ನಿಂತುದನ್ನೂ, ಹೊಳೆನರಸೀಪುರದ ತಗ್ಗಿನ ಮನೆಗಳವರು ಪಾತ್ರೆ ಪಡಗಗಳನ್ನು ಹೊತ್ತು ಎತ್ತರದ ಕಡೆಗೆ ನಡೆದುದನ್ನೂ ನಮ್ಮ ವಾಚಕರು ಮರೆತಿರಲಾರರು. ಅದರ ಹಿಂದಿನ ವರ್ಷ, 2018ರಲ್ಲಿ, ಇದೇ ಮಳೆ ಮುಗಿಯುವ ಹೊತ್ತಿಗೆ ಕೊಡಗಿನ ಗುಡ್ಡಗಳು ಜರಿದು, ಹಾರಂಗಿಯ ನೀರನ್ನು ಕೂಡಿಕೊಂಡ ಕಾವೇರಿಯು ಅದೇ ರಾಮನಾಥಪುರದೊಳಕ್ಕೆ ನುಗ್ಗಿದ್ದಿತು. ಎರಡು ಸಲವೂ ಕನ್ನಡಿಗರು ಕೈಕಟ್ಟಿ ಕುಳಿತವರಲ್ಲ. ಅಕ್ಕಿ, ಬೇಳೆ, ಕಂಬಳಿ, ಸೀರೆ ಪಂಚೆಗಳನ್ನು ತುಂಬಿದ ಲಾರಿಗಳು ಊರೂರುಗಳಿಂದ ಹೊರಟುವು. ಶಾಲೆಯ ಮಕ್ಕಳು ಡಬ್ಬಿ ಹಿಡಿದು ಕಾಸು ಕೂಡಿಸಿದರು. ಸರಕಾರವು ಗಂಜಿ ಕೇಂದ್ರಗಳನ್ನು ತೆರೆಯಿತು. ಇಷ್ಟನ್ನು ಮೊದಲೇ ಒಪ್ಪಿ ಹೇಳಿ, ಅನಂತರ ನಮ್ಮ ಮನಸ್ಸಿನಲ್ಲಿರುವುದನ್ನು ಆಡುವುದು ನ್ಯಾಯ.

ನಮ್ಮ ಮನಸ್ಸಿನಲ್ಲಿರುವುದು ಇದು. ನೆರೆ ಬಂದಾಗಲೆಲ್ಲ ನಾವು ಓದುವುದು ಕೊಟ್ಟವರ ಲೆಕ್ಕ. ಇಷ್ಟು ಕ್ವಿಂಟಾಲು ಅಕ್ಕಿ, ಇಷ್ಟು ಸಾವಿರ ಕಂಬಳಿ, ಇಷ್ಟು ಕೋಟಿ ರೂಪಾಯಿ. ಲಾರಿಯು ಬಾವುಟ ಕಟ್ಟಿಕೊಂಡು ಹೊರಟ ಚಿತ್ರವು ಪತ್ರಿಕೆಯಲ್ಲಿ ಬರುತ್ತದೆ. ಅದು ಯಾವ ಕೇರಿಯ ಎಷ್ಟನೆಯ ಮನೆಯವರೆಗೆ ಹೋಗಿ ಬರಿದಾಯಿತೆಂಬುದು ಬರುವುದಿಲ್ಲ. ನೀರು ಇಳಿದು, ಗೋಡೆ ಒಣಗಿ, ಮಹನೀಯರೆಲ್ಲ ಊರಿಗೆ ಮರಳಿದ ಮೇಲೆ ಒಬ್ಬರಾದರೂ ಆ ಮನೆಯ ಜಗಲಿಯ ಮೇಲೆ ಕುಳಿತು, ‘ತಾಯಿ, ನಿಮಗೆ ಏನು ಬಂತು, ಯಾವಾಗ ಬಂತು, ಬಂದದ್ದು ಒದಗಿತೇ?’ ಎಂದು ಕೇಳಬೇಡವೇ? ಹಾನಿಯ ಸಮೀಕ್ಷೆ ಒಂದಾದರೆ ನೆರವಿನ ಸಮೀಕ್ಷೆ ಇನ್ನೊಂದು. ಮೊದಲನೆಯದನ್ನು ಕಾಯಿದೆಯ ಪ್ರಕಾರ ಮಾಡುತ್ತೇವೆ. ಎರಡನೆಯದನ್ನು ಯಾರ ಕೆಲಸವೂ ಅಲ್ಲವೆಂಬಂತೆ ಬಿಟ್ಟಿರುತ್ತೇವೆ. ಈ ಎರಡನೆಯದನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ನಡೆಸತಕ್ಕುದೆಂದೂ, ಮುಂದೆ ಎಲ್ಲಿ ಪೂರ ಬಂದರೂ ಅದು ಕಟ್ಟಳೆಯಾಗಬೇಕೆಂದೂ ನಾವು ಬಲವಾಗಿ ಹೇಳುತ್ತೇವೆ.

ಲೆಕ್ಕ ಒಪ್ಪಿಸುವ ಪದ್ಧತಿಯು ಈ ನಾಡಿಗೆ ಹೊಸದಲ್ಲ. ಧಾತು ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 78ರ, ಮಹಾಕ್ಷಾಮದಲ್ಲಿ ಮೈಸೂರು ಸೀಮೆಯು ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಗಂಜಿಯ ಮನೆಗಳಿದ್ದುವು, ಪರಿಹಾರದ ಕಾಮಗಾರಿಗಳಿದ್ದುವು. ಆದರೂ ಹಸಿದವನ ಮಾತು ಕಚೇರಿಗೆ ಮುಟ್ಟುವ ದಾರಿಯಿರಲಿಲ್ಲ. ಆ ಕ್ಷಾಮದ ನೆನಪು ಇನ್ನೂ ಹಸಿಯಾಗಿದ್ದಾಗಲೇ, 1881ರ ಅಕ್ಟೋಬರಿನಲ್ಲಿ, ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ ರಾಜ್ಯದ ಆಡಳಿತದ ಲೆಕ್ಕವನ್ನು ಅದರ ಮುಂದಿಟ್ಟರು. ಆ ಸಭೆಗೆ ಅಧಿಕಾರವಿದ್ದುದು ಅತ್ಯಲ್ಪವೆಂಬುದು ನಿಜ. ಆದರೆ ಕೊಟ್ಟವನು ಪಡೆದವನ ಎದುರಿಗೆ ನಿಂತು ಮಾತನಾಡಬೇಕೆಂಬ ಸಂಪ್ರದಾಯ ಅಲ್ಲಿ ಮೊದಲಾಯಿತು. ಹದಿನಾಲ್ಕು ದಶಕಗಳು ಕಳೆದ ಮೇಲೆಯೂ, ಪ್ರಜಾಪ್ರಭುತ್ವವೆಂದು ಹೇಳಿಕೊಳ್ಳುವ ನಾವು ಅದನ್ನು ನೆರೆಯ ಊರಿನ ಜಗಲಿಯವರೆಗೆ ಒಯ್ಯಲಾರೆವೇ?

ನಾಲ್ಕು ತಾಲ್ಲೂಕುಗಳ ಹೆಸರನ್ನು ಒಂದೇ ಉಸಿರಿಗೆ ಹೇಳಿದೆವಾದರೂ ಅವುಗಳ ಕಷ್ಟ ಒಂದೇ ಬಗೆಯದಲ್ಲ. ಅರಕಲಗೂಡಿನ ಕೊಣನೂರು, ರಾಮನಾಥಪುರಗಳ ಕಡೆ ಕಾವೇರಿಯೇ ಮನೆಬಾಗಿಲಿಗೆ ಬರುತ್ತಾಳೆ. ಅಲ್ಲಿನ ರೈತನು ಆಗಸ್ಟಿನಲ್ಲಿ ಹೊಗೆಸೊಪ್ಪನ್ನು ಮುರಿದು ಹದಮಾಡುತ್ತಿರುತ್ತಾನೆ; ಮನೆಯ ಗೋಡೆ ನಿಂತಿದ್ದರೂ ಬ್ಯಾರನ್ನಿನೊಳಕ್ಕೆ ನೀರು ಹೊಕ್ಕರೆ ಅವನ ವರ್ಷದ ಅನ್ನ ಹೋದಂತೆ. ಹಾಸನದ ಕಡೆ ಆಲೂಗೆಡ್ಡೆ ನೆಟ್ಟವನಿಗೆ ಹೊಳೆಯ ನೀರಿಗಿಂತ ಬಿಡದೆ ಸುರಿದ ಮಳೆಯೂ ಅದರ ಬೆನ್ನಿಗೆ ಬರುವ ಅಂಗಮಾರಿಯೂ ಕೆಡುಕು. ಹೊಳೆನರಸೀಪುರವು ಗೊರೂರಿನ ಅಣೆಕಟ್ಟಿನ ಕೆಳಗಡೆ ಇದೆ. 1979ರಲ್ಲಿ ಪೂರ್ಣವಾದ ಆ ಜಲಾಶಯವು 37 ಟಿ.ಎಂ.ಸಿ.ಗೆ ತುಂಬಿದ ಮೇಲೆ ಬಂದ ನೀರನ್ನೆಲ್ಲ ಕೆಳಕ್ಕೆ ಬಿಡದೆ ಗತಿಯಿಲ್ಲ. ಆದಕಾರಣ ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಕಂಬಳಿಯದಲ್ಲ. ‘ಬಾಗಿಲು ತೆಗೆಯುತ್ತಾರೆಂಬ ಸುದ್ದಿ ನಿಮ್ಮ ಬೀದಿಗೆ ಎಷ್ಟು ಗಂಟೆ ಮುಂಚೆ ಬಂತು, ಯಾರ ಬಾಯಿಂದ ಬಂತು?’ ಎಂಬುದು. ಹೊತ್ತಿಗೆ ಬಂದ ಎಚ್ಚರಿಕೆಯೂ ನೆರವೇ. ನಾಲ್ಕು ಗಂಟೆ ಮುಂಚೆ ತಿಳಿದಿದ್ದರೆ ಉಳಿಯುತ್ತಿದ್ದ ರಾಗಿಯ ಮೂಟೆಯನ್ನು ಆಮೇಲೆ ಹತ್ತು ಕಿಲೋ ಅಕ್ಕಿ ಕೊಟ್ಟು ತುಂಬಿಸಲಾಗದು.

ಚನ್ನರಾಯಪಟ್ಟಣದ ಮಾತೇ ಬೇರೆ. ಬರದ ತಾಲ್ಲೂಕೆಂದು ಹೆಸರಾದ ಆ ಸೀಮೆಗೆ ಹೇಮಾವತಿಯು ನಾಲೆಯಲ್ಲಿ ಬರುತ್ತಾಳೆಯೇ ಹೊರತು ಪೂರವಾಗಿ ಬರುವುದಿಲ್ಲ. ‘ಅಲ್ಲೇನು ನೆರೆ ಸಂತ್ರಸ್ತರು?’ ಎಂದು ಕೇಳುವವರು ಅಧಿಕಾರಿಗಳಲ್ಲಿ ಮಾತ್ರವಲ್ಲ, ನಮ್ಮ ಸ್ನೇಹಿತರಲ್ಲಿಯೂ ಇದ್ದಾರೆ. ಆದರೆ ಮಣ್ಣಿನ ಗೋಡೆಯ ಮನೆಯಲ್ಲಿ ಬಾಳಿದವರು ಹಾಗೆ ಕೇಳಲಾರರು. ಗೋಡೆಯು ಮಳೆಯ ದಿನವೇ ಬೀಳುವುದಿಲ್ಲ. ಹಲವು ದಿನ ಜಿನುಗಿದ ನೀರನ್ನು ಕುಡಿದು ಬುಡದಲ್ಲಿ ಮೆತ್ತಗಾಗಿ, ಬಿಸಿಲು ಬಿದ್ದ ಮೂರನೆಯ ಅಥವಾ ನಾಲ್ಕನೆಯ ದಿನ, ಎಲ್ಲರೂ ಬದುಕಿದೆವೆಂದು ನಿಟ್ಟುಸಿರು ಬಿಡುವಾಗ, ಕುಸಿಯುತ್ತದೆ. ಅಷ್ಟರಲ್ಲಿ ಹಾನಿಯನ್ನು ಬರೆದುಕೊಳ್ಳುವವರು ಬಂದು ಹೋಗಿರುತ್ತಾರೆ. 2021ರ ನವೆಂಬರಿನ ಅಕಾಲದ ಮಳೆಯಲ್ಲಿ ಕೊಯ್ಲಿಗೆ ಬಂದ ರಾಗಿಯು ಹೊಲದಲ್ಲಿಯೇ ಮೊಳೆತುಹೋದುದನ್ನು ಹಳೆಯ ಮೈಸೂರಿನ ಯಾವ ರೈತನೂ ಮರೆತಿಲ್ಲ. ಹೊಳೆಯಿಲ್ಲದ ಊರುಗಳಲ್ಲಿ ಮನೆಗಳು ಬಿದ್ದುದೂ ಅಂತಹ ಮಳೆಗಳಲ್ಲಿಯೇ. ಇಂತಹ ಮನೆಯವರನ್ನು ಹೊಳೆದಂಡೆಯ ಊರುಗಳ ಪಟ್ಟಿಯಲ್ಲಿ ಹುಡುಕಿದರೆ ಸಿಕ್ಕುವುದುಂಟೇ?

ಇದರ ಮಹತ್ವವು ಹಣದ ಲೆಕ್ಕವನ್ನು ನೋಡಿದರೆ ತಿಳಿಯುತ್ತದೆ. 2019ರಲ್ಲಿ ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳು ನೆರೆಪೀಡಿತವೆಂದು ಸಾರಲ್ಪಟ್ಟುವು. ಹಾನಿಯನ್ನು ಸುಮಾರು 35,000 ಕೋಟಿ ರೂಪಾಯಿಯೆಂದು ಅಂದಾಜುಮಾಡಲಾಯಿತು. ಕೇಂದ್ರದಿಂದ ಅಕ್ಟೋಬರಿನಲ್ಲಿ ಮಧ್ಯಂತರವಾಗಿ ಬಂದುದು 1,200 ಕೋಟಿ. ನೀರು ಹೊಕ್ಕ ಮನೆಗೆ ಬಟ್ಟೆಬರೆ, ಪಾತ್ರೆಗಳ ಬಾಬ್ತು ಕೇಂದ್ರದ ನಿಯಮದಂತೆ 3,800 ರೂಪಾಯಿ ಸಲ್ಲಬೇಕಾಗಿದ್ದುದನ್ನು ರಾಜ್ಯವು ತನ್ನ ಕೈಯಿಂದ ಸೇರಿಸಿ 10,000ಕ್ಕೆ ಏರಿಸಿತು. ಪೂರ್ತಿ ಬಿದ್ದ ಮನೆಗೆ ಬಯಲುಸೀಮೆಯಲ್ಲಿ ಕೇಂದ್ರದ ನಿಯಮವು 95,100 ರೂಪಾಯಿ ಎಂದರೆ, ರಾಜ್ಯವು 5 ಲಕ್ಷ ಎಂದಿತು. ಇದು ಉದಾರವಾದ ನಿರ್ಣಯ. ಅದನ್ನು ಹೊಗಳಲು ನಮಗೆ ಸಂಕೋಚವಿಲ್ಲ. ಆದರೆ ಈ ಔದಾರ್ಯವೆಲ್ಲ ಒಂದು ಅಂಕಿಯ ಮೇಲೆ ನಿಂತಿದೆ. ಮನೆಯ ಹಾನಿಯು ನೂರಕ್ಕೆ 75ಕ್ಕೆ ಮೀರಿದರೆ ಮೊದಲ ವರ್ಗ, 25ರಿಂದ 75ರವರೆಗೆ ಎರಡನೆಯದು, 15ರಿಂದ 25ರವರೆಗೆ ಮೂರನೆಯದು. ಮೂರನೆಯದಕ್ಕೆ ಕೊನೆಗೆ ಗೊತ್ತಾದುದು 50,000. ಹದಿನೈದಕ್ಕೆ ಒಂದು ಕಡಿಮೆ ಬರೆದರೆ ಈ ಮೂರರಲ್ಲಿ ಯಾವುದೂ ಇಲ್ಲ. ಬಿರುಕು ಬಿಟ್ಟ ಗೋಡೆಯನ್ನು ಸೋಮವಾರ ನೋಡಿ ಹದಿನಾಲ್ಕು ಎಂದು ಬರೆದು ಹೋದವರು, ಶುಕ್ರವಾರ ಅದು ಮಣ್ಣುಗೂಡಿದಾಗ ಮರಳಿ ಬಂದರೇ? ಎರಡನೆಯ ಸಮೀಕ್ಷೆಯಿದ್ದರೆ ಅದು ತಿಳಿಯುತ್ತದೆ. ಇಲ್ಲದಿದ್ದರೆ ಆ ಮನೆಯವನು ತಾಲ್ಲೂಕು ಕಚೇರಿಯ ಮೆಟ್ಟಿಲುಗಳನ್ನು ಹತ್ತಿಳಿದು ಚಪ್ಪಲಿ ಸವೆಸುತ್ತಾನೆ.

ಇನ್ನು ಬಾಡಿಗೆಯ ಮನೆಯವರು. ಮನೆ ಯಾರದೋ ಅವರಿಗೆ ಗೋಡೆಯ ಪರಿಹಾರ. ಗೋಡೆಯೊಳಗೆ ಕೊಚ್ಚಿಹೋದ ಹಾಸಿಗೆ, ಹೊಲಿಗೆಯ ಯಂತ್ರ, ಮಕ್ಕಳ ಪುಸ್ತಕಗಳು ಯಾರವು? ಹಕ್ಕುಪತ್ರವಿಲ್ಲದೆ ಹೊಳೆಯ ಅಂಚಿನಲ್ಲಿ ಗುಡಿಸಲು ಹಾಕಿದವರು, ಊರಿನ ಹೊರಗಿನ ಕೇರಿಯವರು, ಕೂಲಿಗೆ ಬಂದು ಅಂದಿನ ರಾತ್ರಿ ಅಲ್ಲಿ ಮಲಗಿದ್ದವರು, ಇವರ ಹೆಸರುಗಳು ಯಾವ ಪಟ್ಟಿಯಲ್ಲಿವೆ? 2005ರ ವಿಪತ್ತು ನಿರ್ವಹಣಾ ಕಾಯಿದೆಯ 61ನೆಯ ವಿಧಿಯು ಪರಿಹಾರದಲ್ಲಿ ಲಿಂಗ, ಜಾತಿ, ಕೋಮು, ವಂಶ, ಮತಗಳ ಭೇದ ಮಾಡಕೂಡದೆಂದು ಖಂಡಿತವಾಗಿ ಹೇಳುತ್ತದೆ. ಸುಳ್ಳು ಹೇಳಿ ಪರಿಹಾರ ಪಡೆದವನಿಗೆ ಶಿಕ್ಷೆಯನ್ನೂ ಅದೇ ಕಾಯಿದೆ ವಿಧಿಸುತ್ತದೆ. ಹೆಚ್ಚು ಪಡೆದವನನ್ನು ಹಿಡಿಯಲು ಕಾಯಿದೆಗೆ ಕಣ್ಣಿದೆ. ಏನೂ ಪಡೆಯದವನನ್ನು ಕಾಣಲು ಮನೆಮನೆಗೆ ನಡೆಯುವ ಕಾಲು ಬೇಕು.

ಹೇಗೆ ಕೇಳಬೇಕೆಂಬುದರಲ್ಲಿಯೂ ವಿವೇಕವಿರಬೇಕು. ಫಲಾನುಭವಿಗಳ ಪಟ್ಟಿಯನ್ನು ಹಿಡಿದು ಹೊರಟರೆ ಪಡೆದವರೇ ಸಿಕ್ಕುತ್ತಾರೆ, ‘ಎಲ್ಲ ಬಂತು ಸ್ವಾಮಿ’ ಎನ್ನುತ್ತಾರೆ, ವರದಿ ಸೊಗಸಾಗುತ್ತದೆ. ಪಟ್ಟಿಯನ್ನು ಚೀಲದಲ್ಲಿಟ್ಟು, ಬೀದಿಯ ಒಂದು ತುದಿಯಿಂದ ಹೊರಟು, ಐದು ಮನೆಗೊಂದರಂತೆ ಬಾಗಿಲು ತಟ್ಟಬೇಕು. ಅಂಗಳದಲ್ಲಿ ನಿಂತ ಯಜಮಾನನೊಡನೆ ಮಾತ್ರವಲ್ಲ, ಒಳಗಿನ ಹೆಂಗಸರೊಡನೆ, ಹೆಂಗಸರೇ ಹೋಗಿ, ಪ್ರತ್ಯೇಕವಾಗಿ ಮಾತನಾಡಬೇಕು. ಗಂಜಿ ಕೇಂದ್ರದಲ್ಲಿ ಶೌಚಕ್ಕೆ ಮರೆಯಿದ್ದಿತೇ, ರಾತ್ರಿ ದೀಪವಿದ್ದಿತೇ ಎಂಬ ಮಾತನ್ನು ಗಂಡಸರು ಹೇಳರು. ಉತ್ತರದಿಂದ ನೆರವು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲವೆಂದು ಮೊದಲೇ ತಿಳಿಯಹೇಳಬೇಕು. ಹೆಸರು ಬರೆಯಕೂಡದು. ನೆರೆಯಿಳಿದ ತಿಂಗಳೊಳಗೆ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ಕೇಳಬೇಕು. ಏಕೆಂದರೆ ಮನೆಕಟ್ಟುವ ಹಣವು ಕಂತುಕಂತಾಗಿ ಬರುವುದರಿಂದ, ತಳಪಾಯದಲ್ಲಿಯೇ ನಿಂತ ಮನೆಗಳು ಮೊದಲ ತಿಂಗಳಲ್ಲಿ ಕಣ್ಣಿಗೆ ಬೀಳವು.

ಹೊರಗಿನ ಲೋಕದಲ್ಲಿ ಈ ವಿಚಾರವು ಬಹಳ ದೂರ ನಡೆದಿದೆ. 1997ರಲ್ಲಿ ಮೊದಲಾದ ಸ್ಫಿಯರ್ ಎಂಬ ಪ್ರಯತ್ನವು, ಆಶ್ರಯದಲ್ಲಿರುವ ಒಬ್ಬೊಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರು ನೀರು, ಇರಲು ಮೂರೂವರೆ ಚದರ ಮೀಟರು ನೆಲ, 20 ಜನರಿಗೊಂದು ಶೌಚಾಲಯ ಎಂದು ಅಳತೆಯನ್ನು ಕಟ್ಟಿಕೊಟ್ಟಿದೆ. 2004ರ ಸುನಾಮಿಯ ಪರಿಹಾರವನ್ನು 40ಕ್ಕೂ ಮಿಕ್ಕ ಸಂಸ್ಥೆಗಳು ಕೂಡಿ ವಿಮರ್ಶಿಸಿ 2006ರಲ್ಲಿ ಪ್ರಕಟಿಸಿದಾಗ, ಸಂಸ್ಥೆಗಳ ಗಮನವು ಹಣ ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದರಲ್ಲಿ ಹೆಚ್ಚಾಗಿಯೂ, ನೊಂದವರಿಗೆ ಒಪ್ಪಿಸುವುದರಲ್ಲಿ ಕಡಿಮೆಯಾಗಿಯೂ ಇದ್ದಿತೆಂದು ಅವೇ ಒಪ್ಪಿಕೊಂಡುವು. ನಮ್ಮ ನಾಡಿನ ಅನುಭವವೂ ಇದನ್ನೇ ಹೇಳುತ್ತದೆ. 2009ರಲ್ಲಿ ಉತ್ತರ ಕರ್ನಾಟಕದ ಮಹಾಪೂರವಾದ ಮೇಲೆ ‘ಆಸರೆ’ಯ ಹೆಸರಿನಲ್ಲಿ ದಾನಿಗಳ ಹಣದಿಂದ ಊರುಗಳೇ ಎದ್ದುವು, ಅಂತಹ ಮನೆಗಳಲ್ಲಿ ಎಷ್ಟೋ ಬೀಗ ಹಾಕಿಕೊಂಡು ಉಳಿದುವು. ಹೊಲ ಎಲ್ಲಿ, ದನ ಕಟ್ಟುವುದೆಲ್ಲಿ, ರಾಗಿ ಜೋಳ ಒಕ್ಕುವುದೆಲ್ಲಿ ಎಂದು ಮನೆಯಲ್ಲಿ ಇರಬೇಕಾದವರನ್ನೇ ಕೇಳಿದ್ದರೆ ಇಟ್ಟಿಗೆಯ ಹಣ ಉಳಿಯುತ್ತಿದ್ದಿತು.

ಕೇಳುವವರು ಯಾರು? ಕೊಟ್ಟವರೇ ಕೇಳಿದರೆ ಉಪಚಾರದ ಉತ್ತರ ಬರುತ್ತದೆ; ಅನ್ನವಿಕ್ಕಿದವನು ‘ರುಚಿಯಾಗಿತ್ತೇ?’ ಎಂದರೆ ಉಂಡವನು ಏನೆಂದಾನು? ಹಳೆಯ ಶಾನುಭೋಗರ ಸ್ಥಾನದಲ್ಲಿ ಇಂದಿರುವ ಗ್ರಾಮ ಆಡಳಿತಾಧಿಕಾರಿಗಳೇ ಹಾನಿಯನ್ನು ಬರೆದವರಾದುದರಿಂದ ಅವರನ್ನೂ ಈ ಕೆಲಸಕ್ಕೆ ಹಚ್ಚುವುದು ಸರಿಯಲ್ಲ. ನಮ್ಮ ದೃಷ್ಟಿ ಉಪಾಧ್ಯಾಯರ ಕಡೆಗೆ ಹೋಗುತ್ತದೆ. ಇದನ್ನು ಓದಿ ನಮ್ಮ ಉಪಾಧ್ಯಾಯ ಮಿತ್ರರು ಮುಖ ಸಿಂಡರಿಸಿಯಾರೆಂಬುದು ನಮಗೆ ಗೊತ್ತು. ಮತದಾರರ ಪಟ್ಟಿ, ಚುನಾವಣೆಯ ಕೆಲಸ, 2025ರ ಶರತ್ಕಾಲದಲ್ಲಿ ಜಾತಿ ಸಮೀಕ್ಷೆ ಎಲ್ಲವನ್ನೂ ಅವರ ಹೆಗಲಿಗೇ ಹೊರಿಸಿದ್ದಾಯಿತು. ಮತ್ತೊಂದು ಹೊರೆಯನ್ನು ಅಪ್ಪಣೆಯ ಮೂಲಕ ಹೊರಿಸುವುದನ್ನು ನಾವೂ ಒಪ್ಪೆವು. ನಾವು ಕೋರುವುದು ಸ್ವಇಚ್ಛೆಯಿಂದ ಬರುವ ನಿವೃತ್ತ ಉಪಾಧ್ಯಾಯರನ್ನು, ಹಾಸನದ ಕಾಲೇಜುಗಳ ವಿದ್ಯಾರ್ಥಿಗಳನ್ನು, ಮಹಿಳಾ ಸಂಘಗಳವರನ್ನು. ಹೊಳೆನರಸೀಪುರದವರು ಅರಕಲಗೂಡಿಗೆ, ಅರಕಲಗೂಡಿನವರು ಚನ್ನರಾಯಪಟ್ಟಣಕ್ಕೆ ಹೋಗಲಿ. ಪರಿಚಯದ ದಾಕ್ಷಿಣ್ಯ ತಪ್ಪುತ್ತದೆ, ಭಾಷೆಯ ತೊಡಕಿಲ್ಲ. ಬಂದ ಉತ್ತರಗಳನ್ನು ಬೆಂಗಳೂರಿಗೆ ಕಳುಹಿಸುವುದಕ್ಕೆ ಮುಂಚೆ, ಊರಿನ ಗ್ರಾಮಸಭೆಯಲ್ಲಿ ಒಟ್ಟು ಅಂಕಿಗಳನ್ನು ಗಟ್ಟಿಯಾಗಿ ಓದಬೇಕು.

ಪ್ರಾಂತಗಳ ವಿಷಯದಲ್ಲಿ ಒಂದು ಮಾತು. 1924ರ ಜುಲೈ ತಿಂಗಳ ಮಹಾಪೂರವು ಬಂದಾಗ ಕಾವೇರಿಯ ತಲೆ ಕೊಡಗಿನಲ್ಲಿ ಬ್ರಿಟಿಷರ ಮುಖ್ಯಾಯುಕ್ತರ ಆಡಳಿತದಲ್ಲಿದ್ದಿತು, ಅರಕಲಗೂಡು ಮೈಸೂರು ಸಂಸ್ಥಾನದಲ್ಲಿದ್ದಿತು. ಮೇಲಿನ ಮಳೆಗೆ ಒಂದು ಸರಕಾರ, ಕೆಳಗಿನ ನೆರೆಗೆ ಇನ್ನೊಂದು. 1956ರ ನವೆಂಬರ್ 1ರಂದು ಆ ಗಡಿ ಅಳಿಸಿಹೋಯಿತು. ಆದರೆ ಕಾಗದದ ಮೇಲೆ ಜಿಲ್ಲೆಯ ಗಡಿ ಉಳಿದಿದೆ. 2018ರಲ್ಲಿ ನಾಡಿನ ಮರುಕವೆಲ್ಲ ನ್ಯಾಯವಾಗಿಯೇ ಕೊಡಗಿನ ಕಡೆ ಹರಿದಾಗ, ಅದೇ ನೀರಿನಲ್ಲಿ ನೆನೆದ ರಾಮನಾಥಪುರವು ಆ ಮರುಕದಲ್ಲಿ ಎಷ್ಟು ಪಾಲನ್ನು ಪಡೆಯಿತೆಂದು ತಿಳಿಯಬೇಕಾದರೂ ಮನೆಮನೆಯನ್ನು ಕೇಳಿಯೇ ತಿಳಿಯಬೇಕು. ಕೊಡಗು, ಹಾಸನ, ಮೈಸೂರು ಮೂರು ಜಿಲ್ಲೆಗಳ ಅಧಿಕಾರಿಗಳು ಕೂಡಿ ಹೊಳೆಯ ಉದ್ದಕ್ಕೂ ಒಂದೇ ಪ್ರಶ್ನಾವಳಿಯನ್ನು ಇಟ್ಟುಕೊಳ್ಳುವುದಕ್ಕೆ ಅಡ್ಡಿ ಏನೆಂಬುದು ನಮಗೆ ತಿಳಿಯದು.

ಜನರು ಉತ್ಪ್ರೇಕ್ಷೆ ಮಾಡುವರು, ಇಲ್ಲದ್ದನ್ನು ಹೇಳುವರು ಎಂಬ ಆಕ್ಷೇಪವನ್ನು ಕೇಳಿದ್ದೇವೆ. ಕೆಲವರು ಹಾಗೆ ಮಾಡಿಯಾರು. ಒಂದು ಬೀದಿಯಲ್ಲಿ ಹತ್ತು ಮನೆಯವರು ಬೇರೆಬೇರೆಯಾಗಿ, ಕಂಬಳಿ ಬಂತು ಆದರೆ ಮೇವು ಬರಲಿಲ್ಲ, ಬ್ಯಾಂಕಿಗೆ ಬಂದ ಹಣ ಹಳೆಯ ಸಾಲಕ್ಕೆ ಮುರಿದುಹೋಯಿತು, ಆಧಾರ್ ಜೋಡಣೆಯಾಗದೆ ಖಾತೆಗೆ ಬೀಳಲೇ ಇಲ್ಲ ಎಂದು ಒಂದೇ ಮಾತನ್ನು ಆಡಿದರೆ, ಅದು ಉತ್ಪ್ರೇಕ್ಷೆಯೋ ಅಲ್ಲವೋ ಎಂದು ಅಳೆಯುವುದು ಕಷ್ಟವಲ್ಲ. ಕೇಳುವುದಕ್ಕೆ ಬೇಕಾದ ವೆಚ್ಚವೂ ದೊಡ್ಡದಲ್ಲ. ನಾಲ್ಕು ತಾಲ್ಲೂಕುಗಳಿಗೆ ಬಸ್ಸಿನ ಖರ್ಚು, ಊಟ, ಅಚ್ಚುಹಾಕಿಸಿದ ಹಾಳೆಗಳು. ಆಶ್ಲೇಷ ಮಳೆಯು ಹೂಡುವುದು ಆಗಸ್ಟಿನ ಮೊದಲ ವಾರದಲ್ಲಿ. ಅದಕ್ಕೆ ಮುಂಚೆ, ಮುಂಗಾರಿನ ಬಿತ್ತನೆ ಮುಗಿದು ಜನರಿಗೆ ಬಿಡುವಿರುವಾಗ, ರಾಮನಾಥಪುರದ ಹೊಳೆದಂಡೆಯ ಬೀದಿಗಳಿಂದಲೇ ಇದನ್ನು ಮೊದಲುಮಾಡಬಹುದು. ಬರಲು ಸಿದ್ಧರಾದ ಉಪಾಧ್ಯಾಯರೂ ವಿದ್ಯಾರ್ಥಿಗಳೂ ತಮ್ಮ ತಾಲ್ಲೂಕಿನ ಹೆಸರನ್ನೂ ತಮಗೆ ಬಿಡುವಿರುವ ದಿನಗಳನ್ನೂ ನಮ್ಮ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.