ರಾಜೀನಾಮೆಯ ರುಜು

ವಸಂತ ವಲ್ಲಭರಾಯ ಸ್ವಾಮಿಯ ಪ್ರಾಚೀನ ದೇವಾಲಯವುಳ್ಳ ವಸಂತಪುರವು ಒಂದು ಕಾಲಕ್ಕೆ ಬೆಂಗಳೂರು ನಗರದ ಹೊರಗಣ ಹಳ್ಳಿಯಾಗಿದ್ದಿತು. ಇಂದಾದರೋ, ವಿಶೇಷವಾಗಿ 2021ರ ಜನವರಿಯಲ್ಲಿ ಮೆಟ್ರೋ ರೈಲು ಕನಕಪುರ ರಸ್ತೆಗುಂಟ ರೇಷ್ಮೆ ಸಂಸ್ಥೆಯವರೆಗೆ ಬಂದ ತರುವಾಯ, ಸಂಬಳ ಕೈಸೇರಿದ ದಿನವೇ ಗೃಹಸಾಲದ ಕಂತನ್ನು ತೆತ್ತು ಉಳಿದುದರಲ್ಲಿ ತಿಂಗಳನ್ನು ನೂಕುವ ಸಂಸಾರಗಳು ಅಲ್ಲಿ ಬಹುವಾಗಿ ನೆಲಸಿವೆ. ಇಂತಹ ಮನೆಯಲ್ಲಿ ದುಡಿಯುವ ಜೀವಕ್ಕೆ ಉದ್ಯೋಗವು ಅಸಹನೀಯವಾದಾಗ, ತಾನಾಗಿ ಬಿಡುವುದೋ ಮಾಲೀಕರೇ ತೆಗೆದುಹಾಕುವವರೆಗೆ ಕಾಯುವುದೋ ಎಂಬ ತೊಳಲಾಟವನ್ನು ಹೊರಗಿನವರು ಧೈರ್ಯದ ಪರೀಕ್ಷೆಯೆಂದು ಬಗೆಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ.

ಕಾಯಿದೆಯ ದೃಷ್ಟಿಯಲ್ಲಿ ಈ ಎರಡು ನಿರ್ಗಮನಗಳಿಗೂ ಬಹಳ ಅಂತರವಿದೆ. ವರ್ಷವೊಂದನ್ನು ಪೂರೈಸಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯುವ ಮಾಲೀಕನು ಒಂದು ತಿಂಗಳ ಲಿಖಿತ ನೋಟೀಸನ್ನೂ, ಸಂದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನೂ ಕೊಡತಕ್ಕದ್ದೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ವಿಧಿಸಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ರಾಜೀನಾಮೆಯಿತ್ತವನಿಗೆ ಈ ಪರಿಹಾರವು ಸಲ್ಲದು. ಗ್ರಾಚುಯಿಟಿಯು ಅವನಿಗೂ ಸಲ್ಲುವುದಾದರೂ ಕಾಯಂ ನೌಕರನಾದವನಿಗೆ ಐದು ವರ್ಷಗಳ ಅವಿಚ್ಛಿನ್ನ ಸೇವೆಯು ಬೇಕೆಂಬುದು 1972ರ ಕಾಯಿದೆಯು ತಂದ ನಿಯಮ. ಆದುದರಿಂದ ನಾಲ್ಕನೆಯ ವರ್ಷದಲ್ಲಿ ಅವಮಾನವನ್ನು ನುಂಗಿಕೊಂಡು ದಿನವೆಣಿಸುವವನನ್ನು ಹೇಡಿಯೆಂದು ಹಳಿಯುವವರು ಅವನ ಲೆಕ್ಕವನ್ನು ಅರಿಯರು. ಸಾಫ್ಟ್‌ವೇರ್ ಕಂಪನಿಗಳಲ್ಲಿ ‘ವಜಾ’ ಎಂಬ ಮಾತನ್ನು ಬಾಯಿಬಿಟ್ಟು ಆಡದೆ, ನೌಕರನನ್ನು ಕೋಣೆಗೆ ಕರೆದು, “ನೀವೇ ಪೇಪರ್ ಹಾಕಿಬಿಡಿ, ನಿಮಗೇ ಒಳ್ಳೆಯದು” ಎಂದು ಸೌಮ್ಯವಾಗಿ ನುಡಿಯುವ ವಾಡಿಕೆಯು ಬೆಳೆದಿರುವುದಕ್ಕೆ ಕಾಯಿದೆಯ ಈ ಅಂತರವೂ ಒಂದು ಕಾರಣವಾಗಿರಬೇಕು. ಅಲ್ಲಿ ಬಿಡುವವರು ಕಂಪನಿಯವರು, ಬಿಟ್ಟೆನೆಂದು ಬರೆಯುವವನು ನೌಕರ. ಇದು ನನಗೆ ತೀರ ಅನ್ಯಾಯವಾಗಿ ಕಾಣುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸನ್ನು 1914ರಲ್ಲಿ ಸೇರಿದ್ದ ಸಾಹಿತಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ತಮಗೆ ಸಲ್ಲಬೇಕಾಗಿದ್ದ ಪದವಿಯು ತಮಗಿಂತ ಕಿರಿಯರಿಗೆ ಸಂದಿತೆಂಬ ಕಾರಣದಿಂದ 1943ರಲ್ಲಿ ರಾಜೀನಾಮೆಯಿತ್ತು ಹೊರಬಂದರು. ಮರುವರ್ಷದಿಂದ 1965ರವರೆಗೆ ‘ಜೀವನ’ ಪತ್ರಿಕೆಯನ್ನು ನಡೆಸಿದರು. ಅವರು ಬಿಟ್ಟ ಕಾರಣವೂ ಬಿಟ್ಟ ಗಳಿಗೆಯೂ ಅವರವೇ ಆಗಿದ್ದುವು. ರಾಜೀನಾಮೆಗೆ ಗೌರವವು ಬರುವುದು ಇದರಿಂದ ಎಂದು ನನ್ನ ಭಾವನೆ.

ಇದೇ ಊರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಕೆಲಸ ಬಿಡುವುದು ಬೇರೆಯೇ ಒಂದು ಅಗತ್ಯ. ಕೈಸಾಲ ತೀರಿಸಲೋ ಮಕ್ಕಳ ಫೀಸು ಕಟ್ಟಲೋ ಪಿಎಫ್ ಹಣವು ಬೇಕಾದಾಗ ಅವರು ಲೆಕ್ಕ ಚುಕ್ತಾ ಮಾಡಿಸಿ, ಹಣ ಬಂದ ಮೇಲೆ ಮತ್ತೊಂದು ಫ್ಯಾಕ್ಟರಿಯನ್ನು ಸೇರುವುದುಂಟು. ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಮುಟ್ಟಕೂಡದೆಂದು 2016ರಲ್ಲಿ ಕೇಂದ್ರ ಸರ್ಕಾರವು ನಿಯಮ ಮಾಡಿದಾಗ, ಏಪ್ರಿಲ್ 18 ಮತ್ತು 19ರಂದು ಅವರು ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಎರಡನೆಯ ದಿನವೇ ಸರ್ಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ಬಿಟ್ಟುಹೋಗುವ ಹಕ್ಕಿಗಾಗಿ ಹೆಣ್ಣುಮಕ್ಕಳು ಹೀಗೆ ಬೀದಿಯಲ್ಲಿ ನಿಂತುದನ್ನು ನೆನೆದಾಗಲೆಲ್ಲ ನನಗೆ ಅವರಲ್ಲಿ ಗೌರವವು ಹೆಚ್ಚುತ್ತದೆ.

ಬಿಡುವುದೋ ಕಾಯುವುದೋ ಎಂಬ ಪ್ರಶ್ನೆಯನ್ನು ಹೊತ್ತು ಬಂದ ಕಿರಿಯರಿಗೆ ನಾನು ಹೇಳುವುದಿಷ್ಟು: ನಿದ್ರೆಯೂ ಆರೋಗ್ಯವೂ ಕೆಡತೊಡಗಿದ್ದರೆ ಕಾಯಬೇಡಿ, ಯಾವ ಪರಿಹಾರದ ಮೊತ್ತವೂ ಅದಕ್ಕೆ ಸಾಟಿಯಲ್ಲ, ಇಲ್ಲವಾದರೆ ಮನೆಯವರೊಡನೆ ಕುಳಿತು ಕೆಲವು ತಿಂಗಳ ಕಂತಿಗೆ ದಾರಿ ಮಾಡಿಕೊಂಡು, ಬಿಡುವ ದಿನವನ್ನು ನೀವೇ ಗೊತ್ತುಮಾಡಿ. ಅಷ್ಟರಲ್ಲಿ ಕಂಪನಿಯವರೇ ಕೋಣೆಗೆ ಕರೆದು ಕಾಗದವನ್ನು ಮುಂದಿಟ್ಟರೆ ಅಲ್ಲಿಯೇ ರುಜು ಹಾಕಬೇಡಿ. ತೆಗೆಯುವುದಾದರೆ ಬರಹದಲ್ಲಿ ಕೊಡಿರೆಂದು ಕೇಳಿ, ಒಂದು ದಿನದ ವ್ಯವಧಾನವನ್ನು ಪಡೆದು, ನೇಮಕಾತಿ ಪತ್ರದೊಡನೆ ತಿಳಿದ ವಕೀಲರನ್ನೋ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಇಲಾಖೆಯ ಅಧಿಕಾರಿಗಳನ್ನೋ ಕಂಡುಬನ್ನಿ.