ಮೊದಲಿಗರಿಲ್ಲದ ಸವಾರಿ

ಕವಲಾಪುರದಿಂದ ತಾಸಗಾವಿನತ್ತ ಸೈಕಲ್ ತುಳಿದರೆ ದ್ರಾಕ್ಷಿಯ ಚಪ್ಪರಗಳು ಎದುರಾಗುತ್ತವೆ. ಮಿರಜದ ಪೂರ್ವಕ್ಕೆ ದಂಡೋಬಾ ಗುಡ್ಡ. ಇಂಥ ದಾರಿಗಳಿಗೆ ಒಪ್ಪುವುದು ಪಂದ್ಯವಲ್ಲ, ಪಯಣ.

ಫ್ರಾನ್ಸಿನಲ್ಲಿ ಹುಟ್ಟಿ ಭಾರತಕ್ಕೂ ಬಂದಿರುವ ‘ಬ್ರೆವೆ’ ಸವಾರಿಯಲ್ಲಿ 200 ಕಿ.ಮೀ. ಕ್ರಮಿಸಲು 13 ಗಂಟೆ 30 ನಿಮಿಷಗಳ ಅವಕಾಶವುಂಟು. ಬುತ್ತಿ, ನೀರು, ಪಂಕ್ಚರಿನ ಸಾಮಗ್ರಿಗಳ ಹೊಣೆ ಸವಾರನದೇ. ಮೊದಲು ಮುಟ್ಟಿದವನಿಗೆ ಬಹುಮಾನವಿಲ್ಲ. ಅವಧಿಯೊಳಗೆ ಬಂದವರೆಲ್ಲರೂ ಸಮಾನರು.

ಪಾಲಕರೇ, ಅಂಕಪಟ್ಟಿ ಕೈಗೆ ಬಂದಾಗ ಇದನ್ನು ನೆನೆಯಿರಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಮುಂದಿನ ಓದಿಗೆ ಇಂಗ್ಲಿಷ್: ಮೂರು ಏರುಗಳನ್ನು ಹತ್ತುವ ಮಗುವಿಗೆ ಅವಸರ ಸಲ್ಲದು. ಬಿಸಿಲೇರುವ ಮುನ್ನ ಒಂದು ಭಾನುವಾರ ಮಕ್ಕಳೊಡನೆ ದಂಡೋಬಾದತ್ತ ಹೊರಡಿ. ಹಿಂದುಳಿದವನಿಗಾಗಿ ಕಾಯುವುದನ್ನೂ ಅವರು ಕಲಿಯಲಿ.