ಕೂಲಂಟ್ ಬಾಟಲಿ ಎಲ್ಲಿಟ್ಟಿದ್ದೀರಿ?

ಕುಪ್ಪೇಲೂರಿನಂಥ ಊರುಗಳಲ್ಲಿ ಈಗ ಟ್ರ್ಯಾಕ್ಟರ್ ಇಲ್ಲದೆ ಬೇಸಾಯ ಸಾಗದು. ರೇಡಿಯೇಟರಿಗೆ ಹಾಕಿ ಉಳಿದ ಹಸಿರು ಕೂಲಂಟ್ ತಂಪು ಪಾನೀಯದ ಖಾಲಿ ಬಾಟಲಿ ಸೇರಿ ಮಕ್ಕಳ ಕೈಗೆಟುಕುವ ಕಡೆ ಕೂರುವುದೂ ಉಂಟು. ಅದರೊಳಗಿನ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಅಪಾಯ ಇರುವುದೇ ಅಲ್ಲಿ.

ಕುಡಿದವರು ಮೊದಲು ಅಮಲೇರಿದವರಂತೆ ತೊದಲುತ್ತಾರೆ, ತೂರಾಡುತ್ತಾರೆ. ಬಾಯಲ್ಲಿ ಸಾರಾಯಿ ವಾಸನೆ ಮಾತ್ರ ಇರುವುದಿಲ್ಲ. ಯಕೃತ್ತು ಈ ವಿಷವನ್ನು ಆಮ್ಲಗಳಾಗಿ ಒಡೆಯುತ್ತದೆ. ಅವುಗಳಿಂದಾಗುವ ಆಕ್ಸಲೇಟ್ ಹರಳುಗಳು ಕಿಡ್ನಿಯನ್ನು ಕೆಡಿಸುತ್ತವೆ, ಮೆದುಳನ್ನೂ ಬಿಡುವುದಿಲ್ಲ. ಜೀವ ಉಳಿದರೂ ವಾರ, ಎರಡು ವಾರದ ಮೇಲೆ ಕೆಲವರಿಗೆ ಮುಖದ ನರ ಸೋತು ಕಣ್ಣೆವೆ ಮುಚ್ಚದು, ತುತ್ತು ಗಂಟಲಿಗಿಳಿಯದು. ಲಕ್ವ ಹೊಡೆಯಿತೆಂದು ನಾಟಿ ಮದ್ದಿಗೆ ಓಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಎಥಿಲೀನ್ ಗ್ಲೈಕಾಲಿನ ದಾಯಾದಿ ಡೈಎಥಿಲೀನ್ ಗ್ಲೈಕಾಲ್ ಕೆಮ್ಮಿನ ಸಿರಪ್ಪಿನಲ್ಲಿ ಸೇರಿ 2006ರಲ್ಲಿ ಪನಾಮಾದಲ್ಲಿ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಜೀವಗಳನ್ನು ತೆಗೆಯಿತು. ಪನಾಮಾದ ರೋಗಿಗಳಲ್ಲಿ ಕಿಡ್ನಿಯ ಜೊತೆ ಕೈಕಾಲೂ ಸೋತಿದ್ದವು.

ಫೊಮೆಪಿಜೋಲ್ ಎಂಬ ಪ್ರತಿವಿಷ ನಮ್ಮಲ್ಲಿ ಸಿಗುವುದು ದುರ್ಲಭ. ವೈದ್ಯರ ಕೈಯಲ್ಲಿರುವುದು ಎಥನಾಲ್ ಮತ್ತು ಡಯಾಲಿಸಿಸ್. ವಾಂತಿ ಮಾಡಿಸುತ್ತ ಕೂರದೆ, ಬಾಟಲಿಯನ್ನೂ ಹಿಡಿದು ನೇರ ಆಸ್ಪತ್ರೆಗೆ ಹೋಗಬೇಕು. ಅಮೆರಿಕದ ಕೆಲವು ರಾಜ್ಯಗಳು ಕೂಲಂಟಿಗೆ ಕಹಿ ಬೆರೆಸುವುದನ್ನು ಕಡ್ಡಾಯ ಮಾಡಿವೆ. ಇಲ್ಲಿ ಮಾರುವ ಪ್ರತಿ ಡಬ್ಬಿಗೂ ಆ ನಿಯಮ ಬರಲಿ.